ಹಾಲಿನಲ್ಲಿ ಸೀಸ: ಮೇವು ಬದಲಿಸಿದರೂ ಇಳಿಯುತ್ತಿಲ್ಲ, ಸಹಾಯ ಬೇಕು

ನಮಸ್ಕಾರ. ಬೆಂಗಳೂರಿನ ಕೊಳಚೆ ನೀರು ಸೇರುವ ವರ್ತೂರು ಕೆರೆ ಕಡೆಯ ಹಸಿಹುಲ್ಲು ತಿನ್ನುತ್ತಿದ್ದ ಹಸುಗಳ ಹಾಲಿನಲ್ಲಿ ಸೀಸ ಕಿಲೋಗೆ 0.05 ಮಿಲಿಗ್ರಾಂ ಬಂದಿದೆ. ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿ 0.02. ಆ ಹುಲ್ಲು ನಿಲ್ಲಿಸಿ ರಾಗಿಹುಲ್ಲು, ಬೋರ್ ನೀರು ಕೊಡ್ತಿದ್ದೀವಿ. ನೀರಿನ ರಿಪೋರ್ಟ್ ಸರಿಯಿದೆ. ಹಾಲು ಡೈರಿಗೂ ಹಾಕ್ತಿಲ್ಲ, ಕರುಗಳಿಗೂ ಬಿಡ್ತಿಲ್ಲ. ಕಾಯಿಸಿದರೆ ಸೀಸ ಹೋಗಲ್ಲ, ನೀರು ಆವಿಯಾಗಿ ಪ್ರಮಾಣ ಏರುತ್ತೆ ಅಷ್ಟೇ. ನೈಟ್ರಿಕ್ ಆಸಿಡ್‌ನಲ್ಲಿ ತೊಳೆದ ಪ್ಲಾಸ್ಟಿಕ್ ಬಾಟಲಿಗೇ ನೇರ ಕರೆದು ಐಸಿಪಿ-ಎಂಎಸ್ (ಅತಿ ಸಣ್ಣ ಪ್ರಮಾಣದ ಲೋಹವನ್ನೂ ಅಳೆಯುವ ಲ್ಯಾಬ್ ಪರೀಕ್ಷೆ) ಮಾಡಿಸಿದ್ದು. ಹಾಗಾಗಿ ಕ್ಯಾನಿನ ಬೆಸುಗೆಯಿಂದ ಬಂದದ್ದಲ್ಲ.

ಗೊಂದಲ ಇಷ್ಟು: ಮೂಳೆಯಲ್ಲಿ ಕೂತ ಹಳೇ ಸೀಸ ಕರು ಹಾಕಿದ ಮೇಲೆ ಕ್ಯಾಲ್ಸಿಯಂ ಜೊತೆ ಕರಗಿ ಹಾಲಿಗೆ ಇಳಿಯುತ್ತೆ. ಖನಿಜ ಮಿಶ್ರಣದಿಂದಲೂ ಬರಬಹುದು. ಯಾವುದು ಅಂತ ತಿಳಿಯೋಕೆ ಮೊದಲು ಹಸುವಿನ ರಕ್ತ ಪರೀಕ್ಷೆ ಮಾಡಿಸಬೇಕಾ, ಮಿಶ್ರಣದ್ದಾ? ಹಾಲನ್ನು ಎಷ್ಟು ವಾರ ಬಿಟ್ಟು ಮತ್ತೆ ಕಳಿಸೋದು?