ಮಾವನವರ ಕೆನ್ನೆಯೊಳಗೆ ಬಿಳಿ ಕಲೆ, ಬಯಾಪ್ಸಿಗೆ ಒಪ್ಪುತ್ತಿಲ್ಲ: ಅನುಭವ ಉಳ್ಳವರು ದಯವಿಟ್ಟು ತಿಳಿಸಿ

ಮುಳ್ಳೇರಿಯದ ಸೊಸೆ

ಎಲ್ಲರಿಗೂ ನಮಸ್ಕಾರ. ನಾವು ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದವರು. ನನ್ನ ಮಾವನವರಿಗೆ ಅರುವತ್ತು ದಾಟಿದೆ. ಎಲೆಯಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವುದು ಯೌವನದಿಂದಲೇ ಬಂದ ಅಭ್ಯಾಸ. ಈಚೆಗೆ ಕೊದಿಲು (ಸಾಂಬಾರು), ಉಪ್ಪಿನಕಾಯಿ ಬಾಯಿಗೆ ತಗಲಿದರೆ ಉರಿಯುತ್ತದೆ ಎನ್ನುತ್ತಾರೆ, ದೊಡ್ಡ ತುತ್ತು ಒಳಗೆ ಹೋಗುವುದಿಲ್ಲ. ಅವರು ಯಾವಾಗಲೂ ಹೊಗೆಸೊಪ್ಪು ಒತ್ತರಿಸಿಡುವ ಎಡಗೆನ್ನೆಯ ಒಳಭಾಗದಲ್ಲಿಯೇ ಬಿಳಿ ಕಲೆಯೊಂದು ಕಾಣಿಸಿದ್ದು, ಹಲ್ಲಿನ ಡಾಕ್ಟರು ಬಯಾಪ್ಸಿ, ಅಂದರೆ ಕಲೆಯ ಸಣ್ಣ ತುಣುಕು ತೆಗೆದು ಪರೀಕ್ಷೆ, ಮಾಡಿಸಲು ಹೇಳಿದ್ದಾರೆ. ಕತ್ತಿ ತಗಲಿದರೆ ರೋಗ ಹರಡುತ್ತದೆ ಎಂದು ಮಾವ ಹಟ ಹಿಡಿದಿದ್ದಾರೆ. ನೋವೇ ಇಲ್ಲದ ಕಲೆಗೆ ಇಷ್ಟು ಗಡಿಬಿಡಿ ಏಕೆ ಎಂದು ಅತ್ತೆಯವರೂ ಕೇಳುತ್ತಾರೆ. ಬಯಾಪ್ಸಿ ನಿಜವಾಗಿಯೂ ಬೇಕೇ, ಖರ್ಚು ಎಷ್ಟಾಗಬಹುದು, ಮಂಗಳೂರಿಗೆ ಹೋಗಬೇಕೇ ತಲಶ್ಶೇರಿಗೆ ಹೋಗಬೇಕೇ, ಹೊಗೆಸೊಪ್ಪು ಬಿಡಿಸುವ ಉಪಾಯವೇನು, ದಯವಿಟ್ಟು ತಿಳಿಸಿ.

ಪೆರ್ಲದ ಅಡಿಕೆ ಕೃಷಿಕ

ತಂಗೀ, ಬಯಾಪ್ಸಿ ಮಾಡಿಸಲೇಬೇಕು. ನನ್ನ ಬಲಗೆನ್ನೆಯಲ್ಲಿಯೂ ಇಂಥದ್ದೇ ಕಲೆ ಇತ್ತು, ನಾಲಗೆಯಿಂದ ಸವರಿದರೆ ಒಣಗಿದ ಬಾಳೆಪಟ್ಟೆಯ ಹಾಗೆ ದೊರಗಾಗಿ ತಗಲುತ್ತಿತ್ತು. ನೋವು ಎಳ್ಳಷ್ಟೂ ಇರಲಿಲ್ಲ. ಕೆನ್ನೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಮೆಣಸಿನ ಬೀಜಕ್ಕಿಂತ ತುಸು ದೊಡ್ಡ ತುಣುಕು ತೆಗೆದು, ಹೊಲಿಗೆ ಹಾಕಿ ಕಳುಹಿಸಿದರು. ತುಣುಕು ತೆಗೆದು ಪರೀಕ್ಷಿಸಲು 1,900 ರೂಪಾಯಿ, ರಕ್ತಪರೀಕ್ಷೆಗೆ 850, ಮಾತ್ರೆಗೆ 340. ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ, ಆದರೆ ಕೋಶಗಳು ಸ್ವಲ್ಪ ಮಟ್ಟಿಗೆ ಕೆಟ್ಟಿವೆ ಎಂದು ಬರೆದಿದ್ದರು. ಹಾಗಾಗಿ ಲೇಸರ್‌ನಲ್ಲಿ ಕಲೆಯನ್ನು ತೆಗೆಸಿದೆ, ಅದಕ್ಕೆ 16,500 ಆಯಿತು. ಮೊದಲು 12,000 ಎಂದಿದ್ದವರು ಬಿಲ್ ಕೈಗೆ ಕೊಡುವಾಗ ಆಪರೇಷನ್ ಥಿಯೇಟರಿನ ಬಾಡಿಗೆ, ಕೈಗವಸು, ದಾರ ಎಂದು ಒಂದೊಂದನ್ನೂ ಬೇರೆ ಬೇರೆ ಸೇರಿಸಿದ್ದರು. ಬಸ್ಸಿನ ಕುಲುಕಾಟ ಬೇಡವೆಂದು ಮಾಡಿದ ಕಾರಿಗೆ 2,400. ಗಾಯ ಮಾಗುವವರೆಗೆ ಗಂಜಿ ತೆಳಿ, ಮಜ್ಜಿಗೆ ಬಿಟ್ಟು ಬೇರೇನೂ ಇಳಿಯಲಿಲ್ಲ.

ಅಂದಿನಿಂದ ಹೊಗೆಸೊಪ್ಪನ್ನು ಮುಟ್ಟಿಲ್ಲ. ಎಲೆಯಡಿಕೆ ಮಾತ್ರ ಬಿಟ್ಟಿಲ್ಲ, ಬಿಡುವುದೂ ಇಲ್ಲ. ನಮ್ಮ ತೋಟದ ಅಡಿಕೆ, ನಮ್ಮ ಹಿತ್ತಲಿನ ವೀಳ್ಯದೆಲೆ. ಅದರಲ್ಲಿ ವಿಷವಿಲ್ಲ. ಮಾವನವರಿಗೂ ಹೊಗೆಸೊಪ್ಪು ಮಾತ್ರ ಬಿಡಲು ಹೇಳಿ, ಸಾಕು.

ಕುಂಬಳೆಯ ನಿವೃತ್ತ ಅಧ್ಯಾಪಿಕೆ

ಮೇಲಿನವರ ಕೊನೆಯ ಸಾಲುಗಳನ್ನು ಓದಿ ನನಗೆ ಸುಮ್ಮನಿರಲಾಗಲಿಲ್ಲ. ನನ್ನ ಯಜಮಾನರಿಗೆ ಕೆಳದವಡೆಯ ಒಸಡಿನಲ್ಲಿ ಹುಣ್ಣಾಗಿತ್ತು. ಒಂದು ಕ್ಲಿನಿಕ್ಕಿನಲ್ಲಿ ಹಲ್ಲಿನ ಚೂಪು ತಗಲಿ ಆದದ್ದು ಎಂದು ಹಲ್ಲನ್ನು ಉಜ್ಜಿ ನುಣುಪು ಮಾಡಿ, ಹಚ್ಚಲು ಮುಲಾಮು, ನುಂಗಲು ಬಿ ಕಾಂಪ್ಲೆಕ್ಸ್ ಕೊಟ್ಟರು. ಎರಡು ವಾರದಲ್ಲಿ ಮಾಗದ ಹುಣ್ಣನ್ನು ತಜ್ಞರಿಗೆ ತೋರಿಸಲೇಬೇಕು ಎಂದು ಅಲ್ಲಿ ಒಬ್ಬರೂ ನಮಗೆ ಹೇಳಲಿಲ್ಲ. ಕೊನೆಗೆ ಗೊತ್ತಾಗುವಾಗ ರೋಗ ಎಲುಬಿಗೆ ಇಳಿದಿತ್ತು, ಕತ್ತಿನಲ್ಲಿ ಗಂಟು ಕೈಗೆ ಸಿಗುತ್ತಿತ್ತು.

ದವಡೆಯ ಒಂದು ಭಾಗವನ್ನು, ಕತ್ತಿನ ಗಂಟುಗಳನ್ನು ತೆಗೆದು, ಎದೆಯ ಮಾಂಸ ಮತ್ತು ಚರ್ಮವನ್ನು ತಿರುಗಿಸಿ ಬಾಯಿಯೊಳಗೆ ಹೊಲಿದರು. ಎದೆಯ ಚರ್ಮವಾದುದರಿಂದ ಬಾಯಿಯೊಳಗೆ ಕೂದಲು ಬೆಳೆಯಿತು. ಅದನ್ನು ನಾನು ಟಾರ್ಚ್ ಹಿಡಿದು ಸಣ್ಣ ಕತ್ತರಿಯಿಂದ ಕತ್ತರಿಸುತ್ತಿದ್ದೆ. ಮೂಗಿನ ನಳಿಗೆಯಲ್ಲಿ ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ಹೊಯ್ಯಬೇಕಾಗಿತ್ತು, ಒಂದು ಚೂರು ಉಳಿದರೂ ನಳಿಗೆ ಕಟ್ಟಿಕೊಳ್ಳುತ್ತಿತ್ತು. ಶಸ್ತ್ರಕ್ರಿಯೆಗೆ 2,85,000, ವಿಕಿರಣ ಚಿಕಿತ್ಸೆಗೆ 1,30,000, ವಿಕಿರಣಕ್ಕೆ ಮೊದಲು ಹಾಳಾದ ಹಲ್ಲುಗಳನ್ನೆಲ್ಲ ಕೀಳಿಸಲು 6,000. ನಮ್ಮದು ಕೇರಳದ ರೇಶನ್ ಕಾರ್ಡ್ ಆದ ಕಾರಣ ಕರ್ನಾಟಕ ಸರ್ಕಾರದ ಆರೋಗ್ಯ ಯೋಜನೆ ನಮಗೆ ಸಿಗಲಿಲ್ಲ. ನನ್ನ ಎರಡೆಳೆ ಸರ ಇನ್ನೂ ಬ್ಯಾಂಕಿನಲ್ಲಿದೆ, ಅವರು ಇಲ್ಲ.

ಅವರು ಹೊಗೆಸೊಪ್ಪು ಬಿಟ್ಟು ಬಹಳ ಕಾಲವಾಗಿತ್ತು ಎಂಬುದನ್ನು ಪೆರ್ಲದವರು ಗಮನಿಸಬೇಕು. ಎಲೆಯಡಿಕೆ ಮಾತ್ರ ಹಾಕುತ್ತಿದ್ದರು.

ಉಪ್ಪಳದ ಯುವಕ

ಟೀಚರ್ ಹೇಳಿದ್ದಕ್ಕೆ ನನ್ನ ಬಾಯಿಯೇ ಸಾಕ್ಷಿ. ನಾನು ಹೊಗೆಸೊಪ್ಪನ್ನು ಜನ್ಮದಲ್ಲಿ ಮುಟ್ಟಿದವನಲ್ಲ. ಕಾಲೇಜಿನಿಂದ ತಿಂದದ್ದು ತಂಬಾಕಿಲ್ಲದ ಪಾನ್ ಮಸಾಲೆ, ಅಂದರೆ ಅಡಿಕೆ, ಕಾಚು, ಸುಣ್ಣ, ಸುಗಂಧ. ಮೊದಲು ಖಾರ ತಡೆಯದಾಯಿತು, ಆಮೇಲೆ ಕೆನ್ನೆಯ ಒಳಭಾಗ ಬಿಳಿಚಿ ಗಟ್ಟಿಯಾಯಿತು, ಬೆರಳಿಟ್ಟು ನೋಡಿದರೆ ಉದ್ದಕ್ಕೆ ಹುರಿಹಗ್ಗ ಎಳೆದಂತೆ ಸಿಗುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದರು. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಅಂಶದಿಂದ ಚರ್ಮದಡಿಯಲ್ಲಿ ನಾರು ಬೆಳೆಯುತ್ತಾ ಹೋಗಿ ಬಾಯಿ ಮುಚ್ಚಿಕೊಳ್ಳುವ ರೋಗವಿದು. ತಮ್ಮದೇ ಮೂರು ಬೆರಳುಗಳನ್ನು ನೆಟ್ಟಗೆ ಜೋಡಿಸಿ ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ತೂರಿಸಲು ಸಾಧ್ಯವಾಗಬೇಕು. ನನಗೆ ಒಂದೂವರೆ ಬೆರಳು ಕಷ್ಟದಲ್ಲಿ ಹೋಗುತ್ತಿತ್ತು, ಅಳೆದಾಗ 21 ಮಿಲಿಮೀಟರ್. ಮಸಾಲೆ ದೋಸೆಯನ್ನಷ್ಟೇ ಅಲ್ಲ, ಇಡ್ಲಿಯನ್ನೂ ಕಿವುಚಿ ತಿನ್ನಬೇಕಾಗಿತ್ತು.

ಕೆನ್ನೆಯೊಳಗೆ ಸ್ಟೀರಾಯ್ಡ್ ಮತ್ತು ಗಟ್ಟಿಯಾದ ಭಾಗವನ್ನು ಸಡಿಲಿಸುವ ಹಯಲ್ಯುರೋನಿಡೇಸ್ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಕು, ಒಂದು ಸಲಕ್ಕೆ 700. ಲೈಕೋಪೀನ್ ಮಾತ್ರೆಯ ಒಂದು ಪಟ್ಟಿಗೆ 180. ಬಾಯಿ ತೆರೆಸುವ ವ್ಯಾಯಾಮಕ್ಕೆ ಐಸ್‌ಕ್ಯಾಂಡಿ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಿಂದಿನ ಹಲ್ಲುಗಳ ನಡುವೆ ಸಿಕ್ಕಿಸಿ, ಕಣ್ಣೀರು ಬಂದರೂ ಬಿಡದೆ ಹಿಡಿದುಕೊಂಡು, ಸಡಿಲವಾದಾಗ ಇನ್ನೊಂದು ಕಡ್ಡಿಯನ್ನು ನಡುವೆ ತೂರಿಸಬೇಕು. ಮದುವೆ ಮನೆಗಳ ಗಡಿಬಿಡಿಯಲ್ಲಿ ವ್ಯಾಯಾಮ ತಪ್ಪಿದ ಕೂಡಲೇ ಗಳಿಸಿದ್ದು ಹೋಯಿತು. ಈಗ 29 ಮಿಲಿಮೀಟರಿಗೆ ನಿಂತಿದೆ. ಕಟ್ಟಿದ ನಾರು ಪೂರ್ತಿ ಕರಗುವುದಿಲ್ಲ, ಅಡಿಕೆ ಬಿಟ್ಟರೆ ಮುಂದೆ ಬೆಳೆಯುವುದು ನಿಲ್ಲಬಹುದು ಎಂದಷ್ಟೇ ಡಾಕ್ಟರು ಹೇಳುತ್ತಾರೆ. ಅಕ್ಕಾ, ನಿಮ್ಮ ಮಾವನವರಿಗೆ ಬಿಳಿ ಕಲೆಯೊಂದೇ ಅಲ್ಲ, ತುತ್ತು ಹೋಗುವುದಿಲ್ಲ, ಉರಿಯುತ್ತದೆ ಎಂದಿರಲ್ಲ, ಅದು ಅಡಿಕೆಯ ಕೆಲಸವಿರಬಹುದು. ಬೆರಳಿನ ಪರೀಕ್ಷೆಯನ್ನು ಇಂದೇ ಮಾಡಿಸಿ.

ಪೆರ್ಲದ ಅಡಿಕೆ ಕೃಷಿಕ

ಪ್ಯಾಕೆಟಿನಲ್ಲಿ ಯಾವ ಊರಿನ ಹಾಳು ಅಡಿಕೆಗೆ ಯಾವ ರಾಸಾಯನಿಕ ಬೆರೆಸಿದ್ದರೋ, ಅದರ ಪಾಪವನ್ನು ನಮ್ಮ ಚಾಲಿಯ (ಒಣಗಿಸಿ ಸುಲಿದ ಅಡಿಕೆಯ) ಮೇಲೆ ಹೊರಿಸಬೇಡಿ. ಬೆಲೆ ನೆಲಕಚ್ಚಿದ ಕಾಲದಲ್ಲಿ, 1973ರಲ್ಲಿ, ಕರ್ನಾಟಕ, ಕೇರಳ ಎರಡು ರಾಜ್ಯಗಳ ಬೆಳೆಗಾರರು ಸೇರಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಕಟ್ಟಿ ಉಳಿಸಿಕೊಂಡ ಬೆಳೆಯಿದು. ಮಹಾಳಿ ರೋಗ, ಹಳದಿ ರೋಗ, ಎಲೆಚುಕ್ಕಿ ಎಲ್ಲವೂ ಸಾಲದೆ ಈಗ ಕ್ಯಾನ್ಸರ್ ಎಂಬ ಹೆಸರೂ ಬೇಕೇ? ಅಡಿಕೆಯ ಬಗ್ಗೆ ಬಂದ ಅಧ್ಯಯನಗಳೆಲ್ಲ ಹೊಗೆಸೊಪ್ಪು ಸೇರಿಸಿ ತಿಂದವರ ಮೇಲೆ ಮಾಡಿದವುಗಳು. ನನ್ನ ಅಜ್ಜ ಎಂಬತ್ತೇಳರವರೆಗೆ ಎಲೆಯಡಿಕೆ ಹಾಕಿದವರು, ಅವರ ಹಲ್ಲು ಕೊನೆಯವರೆಗೆ ಗಟ್ಟಿಯಿತ್ತು.

ಉಪ್ಪಳದ ಯುವಕ

ಅಣ್ಣಾ, ಅಧ್ಯಯನಗಳೆಲ್ಲ ಬೆರಕೆ ಎಂಬ ಮಾತು ಸರಿಯಲ್ಲ. ತೈವಾನಿನಲ್ಲಿ ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸುವ ರೂಢಿಯಿಲ್ಲ, ಆದರೂ ಅಲ್ಲಿ ಎಲೆಯಡಿಕೆ ಜಗಿಯುವವರಲ್ಲಿ ಬಾಯಿಯ ಕ್ಯಾನ್ಸರ್ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೊಗೆಸೊಪ್ಪು ಇಲ್ಲದ ಎಲೆಯಡಿಕೆಯನ್ನೂ, ಬರೀ ಅಡಿಕೆಯನ್ನೂ ಪ್ರತ್ಯೇಕವಾಗಿಯೇ ಪರಿಶೀಲಿಸಿ, ಎರಡನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಸೇರಿಸಿದೆ. ನನ್ನ ತಂದೆಯವರೂ ಅಡಿಕೆ ಬೆಳೆಗಾರರೇ. ತೋಟದ ಆದಾಯದಿಂದಲೇ ನನ್ನ ಇಂಜೆಕ್ಷನ್ನಿನ ಬಿಲ್ ಕಟ್ಟಿದ್ದು. ಬೆಳೆಯನ್ನು ಕಡಿಯಿರಿ ಎಂದು ನಾನು ಹೇಳಿಲ್ಲ.

ಕುಂಬಳೆಯ ನಿವೃತ್ತ ಅಧ್ಯಾಪಿಕೆ

ಎಂಬತ್ತೇಳರವರೆಗೆ ಬದುಕಿದ ಅಜ್ಜನನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಐವತ್ತಾರಕ್ಕೆ ಹೋದವರ ಹೆಸರನ್ನು ಮನೆಯವರು ಮಾತ್ರ ಹೇಳುತ್ತಾರೆ. ಅಣ್ಣಾ, ಲೇಸರ್ ಮಾಡಿಸಿದ ಕೆನ್ನೆಗೆ ದಿನವೂ ಅಡಿಕೆ ಒತ್ತುತ್ತಿದ್ದೀರಿ ಎಂದು ಓದಿ ನನಗೆ ಸಿಟ್ಟಿಗಿಂತ ಭಯವೇ ಹೆಚ್ಚಾಯಿತು. ಪುನಃ ತೋರಿಸಿಕೊಳ್ಳಲು ಹೋಗುತ್ತಿದ್ದೀರಾ?

ಬಾಯಾರಿನ ಅಂಗಡಿಯವ

ಅಡಿಕೆಯ ಜಗಳದಲ್ಲಿ ಆ ತಂಗಿಯ ಪ್ರಶ್ನೆ ಹಿಂದೆ ಬಿತ್ತು. ಬಿಡುವುದು ಹೇಗೆ ಎಂದು ಕೇಳಿದ್ದಾರೆ. ನಾನು ಪ್ಯಾಕೆಟ್ ತಂಬಾಕನ್ನು ತುಟಿಯ ಒಳಗೆ ಇಡುತ್ತಿದ್ದವನು. ಕೇರಳದಲ್ಲಿ 2012ರಲ್ಲಿ, ಮರುವರ್ಷ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ನಾಲಗೆಗೆ ಅಂಟಿದ ಚಟಕ್ಕೆ ಗಡಿಯೂ ಇಲ್ಲ, ನಿಷೇಧವೂ ಇಲ್ಲ. ಸುಣ್ಣ ಸೇರಿಸಿದರೆ ನಿಕೊಟಿನ್ ಬೇಗ ರಕ್ತಕ್ಕೆ ಇಳಿಯುತ್ತದೆ, ಆದ್ದರಿಂದ ಹಠಾತ್ ನಿಲ್ಲಿಸಿದಾಗ ತಲೆನೋವು, ಸಿಡುಕು, ಮಲಬದ್ಧತೆ, ನಿದ್ರೆ ಇಲ್ಲದಿರುವುದು ಎಲ್ಲವೂ ಒಟ್ಟಿಗೆ ಎರಗುತ್ತವೆ. 1800-11-2356 ಎಂಬ ಉಚಿತ ಸಹಾಯವಾಣಿಗೆ ಕರೆ ಮಾಡಿ ಕನ್ನಡದಲ್ಲಿ ಮಾತನಾಡುವವರು ಬೇಕೆಂದು ಕೇಳಿದೆ. ಬಿಡುವ ದಿನಾಂಕವನ್ನು ನನ್ನ ಬಾಯಿಂದಲೇ ಹೇಳಿಸಿ, ಆಮೇಲೆ ಅವರೇ ಕರೆ ಮಾಡಿ ವಿಚಾರಿಸುತ್ತಿದ್ದರು.

ಡಾಕ್ಟರರ ಸಲಹೆಯಂತೆ ನಿಕೊಟಿನ್ ಗಮ್ ತೆಗೆದುಕೊಂಡೆ. ಅದನ್ನು ಚೂಯಿಂಗ್ ಗಮ್ಮಿನ ಹಾಗೆ ಒಂದೇ ಸಮನೆ ಜಗಿದರೆ ಹೊಟ್ಟೆ ತೊಳಸುತ್ತದೆ, ಬಿಕ್ಕಳಿಕೆ ಬರುತ್ತದೆ. ಸ್ವಲ್ಪ ಜಗಿದು, ಚುರುಕು ಹತ್ತಿದ ಕೂಡಲೇ ಕೆನ್ನೆಯ ಬದಿಗೆ ಇಟ್ಟುಕೊಂಡು, ಚುರುಕು ಹೋದ ಮೇಲೆ ಮತ್ತೆ ಜಗಿಯಬೇಕು. ಕಾಫಿ ಕುಡಿದ ಬೆನ್ನಿಗೇ ಹಾಕಿದರೆ ಹಿಡಿಯುವುದಿಲ್ಲ. ಮಾವನವರ ಬಾಯಿ ತೆರೆಯುವುದಿಲ್ಲವಾದರೆ ಗಮ್ ಜಗಿಯುವುದು ಕಷ್ಟ, ಚರ್ಮಕ್ಕೆ ಅಂಟಿಸುವ ಪಟ್ಟಿಯ ಬಗ್ಗೆ ಡಾಕ್ಟರರಲ್ಲಿ ಕೇಳಿ. ಒಂದೇ ಸಲಕ್ಕೆ ನಿಲ್ಲಿಸಲು ಮಾತ್ರ ಒತ್ತಾಯಿಸಬೇಡಿ, ಮನೆಯಲ್ಲಿ ಯುದ್ಧವಾಗುತ್ತದೆ.

ಕುಂಬಳೆಯ ನಿವೃತ್ತ ಅಧ್ಯಾಪಿಕೆ

ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತೇನೆ ಎಂಬ ಮಾತನ್ನು ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಕೇಳಿದ್ದೇನೆ. ಕಲೆ ಕಾಣಿಸಿಕೊಂಡವರಿಗೆ ಆ ಅವಕಾಶವಿಲ್ಲ. ಎಲೆಯಡಿಕೆಯ ತಟ್ಟೆಯನ್ನು ಅಟ್ಟಕ್ಕೆ ಹಾಕಬೇಕು.

ಬಾಯಾರಿನ ಅಂಗಡಿಯವ

ಟೀಚರೇ, ತಟ್ಟೆ ಅಟ್ಟಕ್ಕೆ ಹೋದರೆ ಹೊಗೆಸೊಪ್ಪು ಅಂಗಿಯ ಕಿಸೆಗೆ ಬರುತ್ತದೆ. ನಾನು ಅಂಗಡಿಯಲ್ಲಿ ಕುಳಿತು ನೋಡಿದವನು. ಹೆಂಡತಿ ಮಕ್ಕಳಿಗೆ ತಿಳಿಯದ ಹಾಗೆ ತೆಗೆದುಕೊಂಡು ಹೋಗುವವರೇ ಹೆಚ್ಚು. ನಾನು ಈಗ ಅದನ್ನು ಮಾರುತ್ತಿಲ್ಲ. ವ್ಯಾಪಾರದಲ್ಲಿ ತಿಂಗಳಿಗೆ 4,000 ರೂಪಾಯಿಯಷ್ಟು ಕಡಿಮೆಯಾಗಿದೆ, ಅದಕ್ಕೆ ನನಗೆ ಬೇಸರವಿಲ್ಲ.

ಆದೂರಿನ ಅಕ್ಕ

ಗಂಡಸರ ಮಾತೇ ಆಯಿತು. ನನ್ನ ಅಮ್ಮ ನಶ್ಯದಿಂದ, ಅಂದರೆ ಹೊಗೆಸೊಪ್ಪಿನ ಪುಡಿಯಿಂದ, ಹಲ್ಲು ತಿಕ್ಕುತ್ತಿದ್ದರು. ಹಲ್ಲುನೋವಿಗೆ ಅದು ಮದ್ದು ಎಂದು ಅವರಿಗೆ ಕಲಿಸಿದವರು ಅವರ ಅಮ್ಮ. ತಿಕ್ಕಿದಾಗ ಒಸಡು ಜೋಮು ಹಿಡಿದು ನೋವು ಗೊತ್ತಾಗುವುದಿಲ್ಲ, ಒಳಗೆ ಹಲ್ಲು ಕೊಳೆಯುತ್ತಲೇ ಇರುತ್ತದೆ. ಒಸಡು ಕೆಳಗೆ ಸರಿದು ಬೇರು ಹೊರಗೆ ಕಂಡಿತು, ಬೇರಿನ ಬುಡದಲ್ಲಿಯೇ ಹುಳುಕು ಹಿಡಿಯಿತು, ಕೆಳಸಾಲಿನ ಹಲ್ಲುಗಳು ಒಂದೊಂದಾಗಿ ಅಲುಗಿ ಬಿದ್ದವು. ಸರಿದ ಒಸಡು ಮತ್ತೆ ಮೇಲೆ ಬರುವುದಿಲ್ಲ. ಹಲ್ಲಿನ ಸೆಟ್ಟಿಗೆ 18,000 ಕೊಟ್ಟು ಮಾಡಿಸಿದರೆ ಹಿಡಿಯಲು ಒಸಡಿನಲ್ಲಿ ಎತ್ತರವೇ ಇಲ್ಲದೆ ಅದು ಜಾರುತ್ತಿತ್ತು. ಮತ್ತೆ 3,500 ಕೊಟ್ಟು ಒಳಪದರ ಹಾಕಿಸಿದೆವು. ಈಗಲೂ ಅದು ಹೆಚ್ಚಿನ ಹೊತ್ತು ನೀರಿನ ಲೋಟದಲ್ಲಿಯೇ ಇರುತ್ತದೆ.

ನಮ್ಮ ಜಿಲ್ಲೆಯ ಪಳ್ಳಿಕ್ಕೆರೆ, ಕಾಞಂಗಾಡು ಕಡೆ ಬೆಳೆದ ಹೊಗೆಸೊಪ್ಪು ಶುದ್ಧ, ಪ್ಯಾಕೆಟಿನದ್ದು ಮಾತ್ರ ಕೆಟ್ಟದ್ದು ಎಂದು ಹೇಳುವವರೂ ಇದ್ದಾರೆ. ಎಲೆಯನ್ನು ಒಣಗಿಸಿ ಹದ ಮಾಡುವಾಗಲೇ ಕ್ಯಾನ್ಸರ್ ತರುವ ನೈಟ್ರೋಸಮೈನುಗಳು ಅದರಲ್ಲಿ ಹುಟ್ಟುತ್ತವೆ. ಎಲ್ಲಿ ಬೆಳೆದರೂ ಅದು ತಪ್ಪುವುದಿಲ್ಲ. ಹಾಗಾಗಿ ತಂಗೀ, ಅತ್ತೆಯವರ ಬಾಯಿಯನ್ನೂ ಒಮ್ಮೆ ತೋರಿಸಿ. ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭವಾದ ದೊಡ್ಡ ಅಧ್ಯಯನದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಬೆಳಕು ಹಿಡಿದು ಬರಿಗಣ್ಣಿನಿಂದಲೇ ಬಾಯಿ ಪರೀಕ್ಷಿಸಿದ್ದರು. ಅದರಿಂದ ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರಿನ ಸಾವುಗಳು ಕಡಿಮೆಯಾದುದು 2005ರಲ್ಲಿ ಪ್ರಕಟವಾಗಿದೆ. ಯಂತ್ರವೂ ಬೇಡ, ಖರ್ಚೂ ಇಲ್ಲ.

ಪೆರ್ಲದ ಅಡಿಕೆ ಕೃಷಿಕ

ಟೀಚರ್ ಕೇಳಿದ್ದಕ್ಕೆ ಉತ್ತರ: ಹೋಗುತ್ತಿದ್ದೇನೆ, ಮುಂದಿನ ತಪಾಸಣೆಗೆ ಚೀಟಿಯನ್ನೂ ಮಾಡಿಸಿದ್ದೇನೆ. ಅಡಿಕೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಉಪ್ಪಳದ ತಮ್ಮನ ಮೂರು ಬೆರಳಿನ ಪರೀಕ್ಷೆಯನ್ನು ಮಾಡಿ ನೋಡಿದೆ, ನನಗೆ ಮೂರೂ ಹೋಗುತ್ತವೆ.

ಕುಂಬಳೆಯ ನಿವೃತ್ತ ಅಧ್ಯಾಪಿಕೆ

ಒಳ್ಳೆಯದು, ಹಾಗೆಯೇ ಇರಲಿ.

ಮುಳ್ಳೇರಿಯದ ಮಗಳೇ, ಮಂಗಳೂರೋ ತಲಶ್ಶೇರಿಯೋ ಎಂದು ಕೇಳಿದ್ದೆಯಲ್ಲ. ಬಯಾಪ್ಸಿ ಎಷ್ಟು ಹತ್ತಿರದಲ್ಲಿ, ಎಷ್ಟು ಬೇಗ ಆಗುತ್ತದೋ ಅಲ್ಲಿ ಮಾಡಿಸು. ತುಣುಕು ತೆಗೆಯುವುದರಿಂದ ರೋಗ ಹರಡುವುದಿಲ್ಲ ಎಂದು ಆ ಡಾಕ್ಟರರ ಬಾಯಿಂದಲೇ ಮಾವನವರಿಗೆ ಹೇಳಿಸು, ಸೊಸೆಯ ಮಾತಿಗಿಂತ ಅದು ನಾಟುತ್ತದೆ. ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ತಿಳಿಸು. ವರದಿಯಲ್ಲಿ ಕ್ಯಾನ್ಸರ್ ಬಂದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಸರ್ಕಾರಿ ಸಂಸ್ಥೆ, ನಮ್ಮ ಕಾರ್ಡಿನವರಿಗೆ ಅಲ್ಲಿ ವಿಚಾರಿಸುವುದು ಲೇಸು. ಎಲ್ಲಿಗೆ ಹೋದರೂ ವರದಿಯ ಕಾಗದ ಮಾತ್ರ ಸಾಲದು. ಪರೀಕ್ಷೆ ಮಾಡಿದ ಲ್ಯಾಬಿನಿಂದ ಗಾಜಿನ ಸ್ಲೈಡುಗಳನ್ನು, ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನು ಸಹಿ ಹಾಕಿ ಕೇಳಿ ತೆಗೆದುಕೊಳ್ಳಬೇಕು. ಇಲ್ಲವಾದರೆ ಎರಡನೆಯ ಆಸ್ಪತ್ರೆಯವರು ಅದನ್ನು ತರಲು ಹಿಂದಕ್ಕೆ ಕಳುಹಿಸುತ್ತಾರೆ, ನಮಗೆ ಹಾಗೆಯೇ ಆಗಿ ಶಸ್ತ್ರಕ್ರಿಯೆಯ ದಿನ ಮುಂದಕ್ಕೆ ಹೋಗಿತ್ತು. ಬ್ಲಾಕನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಡಬೇಡ, ಮೇಣ ಕರಗಬಹುದು.