ಮಳೆಗಾಲಕ್ಕೆ ಜನರೇಟರ್: ಎಷ್ಟು ಕೆವಿಎ (ಜನರೇಟರ್ ಸಾಮರ್ಥ್ಯದ ಅಳತೆ) ಬೇಕು? (ಪ್ರಶ್ನೋತ್ತರ)

ಹೊಸನಗರದ ಸದಸ್ಯ: ಸರ್, ಮಳೆ ಹಿಡಿದರೆ ನಮ್ಮಲ್ಲಿ ಎರಡು ಮೂರು ದಿನ ಕರೆಂಟು ಇರುವುದಿಲ್ಲ. 5 ಕೆವಿಎ ಪೆಟ್ರೋಲ್ ಜನರೇಟರ್ ತಂದೆ. ದೀಪ, ಫ್ರಿಜ್, ಮಿಕ್ಸಿ ನಡೆಯುತ್ತವೆ. 2 ಎಚ್‌ಪಿ ಬಾವಿ ಪಂಪ್ ಹಾಕಿದರೆ ಗುಂಯ್ ಎಂದು ನಿಂತುಬಿಡುತ್ತದೆ. 2 ಎಚ್‌ಪಿ ಎಂದರೆ ಒಂದೂವರೆ ಕಿಲೋವ್ಯಾಟ್ ತಾನೆ? ಕೊಟ್ಟಿಗೆಯ ಸಾಕೆಟ್‌ಗೆ ವೈರು ಚುಚ್ಚಿ ಮನೆಗೆಲ್ಲ ಕರೆಂಟು ಕೊಟ್ಟಿದ್ದೇನೆ.

ಎಲೆಕ್ಟ್ರಿಕಲ್ ಗುತ್ತಿಗೆದಾರ, ಶಿವಮೊಗ್ಗ: ಪಂಪ್ ವಿಷಯ ಆಮೇಲೆ. ಎರಡೂ ತುದಿಗೆ ಪ್ಲಗ್ ಇರುವ ಆ ವೈರನ್ನು ಮೊದಲು ಕಿತ್ತುಹಾಕಿ. ಮೇನ್ ಸ್ವಿಚ್ ಇಳಿಸಲು ಒಂದು ದಿನ ಮರೆತರೆ ನಿಮ್ಮ 230 ವೋಲ್ಟ್ ಟ್ರಾನ್ಸ್‌ಫಾರ್ಮರ್ ಮೂಲಕ ಹಿಂದಕ್ಕೆ ಹೋಗಿ ಸಾವಿರಾರು ವೋಲ್ಟ್ ಆಗಿ ಲೈನಿಗೆ ಏರುತ್ತದೆ. ಆ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಗತಿ ಏನು? ಮನೆಗೆ ಲೈನ್ ಅಥವಾ ಜನರೇಟರ್, ಎರಡರಲ್ಲಿ ಒಂದನ್ನೇ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ.

ಇನ್ನು ಪಂಪ್. ಒಂದೂವರೆ ಕಿಲೋವ್ಯಾಟ್ ಎಂಬುದು ಮೋಟಾರ್ ಹೊರಗೆ ಕೊಡುವ ಶಕ್ತಿ. ಒಳಗೆ ಎಳೆಯುವುದು ಎರಡು ಕಿಲೋವ್ಯಾಟ್‌ಗೂ ಹೆಚ್ಚು, ಅಂದರೆ ಓಡುವಾಗ ಸುಮಾರು 12 ಆಂಪಿಯರ್. ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಬೇಕು. ನಿಮ್ಮ ಜನರೇಟರ್ ಪೂರ್ತಿ ದುಡಿದರೂ 22 ಆಂಪಿಯರ್ ದಾಟುವುದಿಲ್ಲ. ವೋಲ್ಟೇಜ್ ಕುಸಿಯುತ್ತದೆ, ಮೋಟಾರ್ ತಿರುಗದೆ ಬಿಸಿಯಾಗುತ್ತದೆ. ಹೀಗೇ ನಾಲ್ಕು ಸಲ ಗುಂಯ್ ಎನ್ನಿಸಿದರೆ ವೈಂಡಿಂಗ್, ಅಂದರೆ ಮೋಟಾರ್ ಒಳಗಿನ ತಂತಿಯ ಸುತ್ತು, ಸುಡುತ್ತದೆ. 10 ಕೆವಿಎ ಸಿಂಗಲ್ ಫೇಸ್ ತೆಗೆದುಕೊಳ್ಳಿ. ಅಂಗಡಿಯವರು ಅದೇ ಅಳತೆಯ ತ್ರೀ ಫೇಸ್ ಕೊಡಲು ಬಂದರೆ ಬೇಡ ಎನ್ನಿ, ಒಂದು ಫೇಸಿಗೆ ಸಿಗುವುದು ಮೂರರಲ್ಲಿ ಒಂದು ಪಾಲು ಮಾತ್ರ. ಮೊದಲು ಪಂಪ್ ಶುರುಮಾಡಿ, ಆಮೇಲೆ ಫ್ರಿಜ್, ದೀಪ.

ಸಾಗರದ ಸದಸ್ಯ: ನನಗೆ ಬಂದ ಸಂದೇಶ: ‘ದೊಡ್ಡ ಕೆಪಾಸಿಟರ್ ಹಾಕಿದರೆ ಸಣ್ಣ ಜನರೇಟರ್‌ನಲ್ಲೂ ಯಾವ ಪಂಪ್ ಆದರೂ ಎತ್ತುತ್ತದೆ. ಎಲ್ಲರಿಗೂ ಕಳುಹಿಸಿ.’

ಗುತ್ತಿಗೆದಾರ: ಕಳುಹಿಸಬೇಡಿ. ಮೋಟಾರ್ ಸುಟ್ಟರೆ ಆ ಸಂದೇಶ ಬರೆದವನು ರಿವೈಂಡಿಂಗ್ ಖರ್ಚು ಕೊಡುವುದಿಲ್ಲ.

ಆಗುಂಬೆಯ ಹೋಮ್‌ಸ್ಟೇ: 2 ಕಿಲೋವ್ಯಾಟ್‌ನ ಮೂರು ಗೀಸರ್ ಇವೆ. 6 ಕೆವಿಎ ಸಾಕಲ್ಲವೇ?

ಗುತ್ತಿಗೆದಾರ: ಸಾಲದು. ಗೀಸರ್‌ಗೆ ಶುರುವಿನ ಹೊಡೆತವಿಲ್ಲ, ನಿಜ. ಆದರೆ ಸಾಮಾನ್ಯ ಡೀಸೆಲ್ ಜನರೇಟರ್‌ನಲ್ಲಿ ಕೆವಿಎಗೆ 0.8 ಗುಣಿಸಿದಷ್ಟೇ ಕಿಲೋವ್ಯಾಟ್. ಗೀಸರ್‌ಗಳಿಗೇ 7.5 ಕೆವಿಎ ಹೋಯಿತು.

ತೀರ್ಥಹಳ್ಳಿಯ ಸದಸ್ಯ: ಬಚ್ಚಲ ಒಲೆ, ಹಂಡೆ ಬಿಟ್ಟು ಡೀಸೆಲ್ ಸುಟ್ಟು ನೀರು ಕಾಯಿಸುವುದೇ?

ಆಗುಂಬೆಯ ಹೋಮ್‌ಸ್ಟೇ: ಬೆಂಗಳೂರಿನ ಅತಿಥಿಗಳನ್ನು ನಿಮ್ಮ ಮನೆಗೇ ಕಳುಹಿಸುತ್ತೇನೆ, ನೀವೇ ಒಲೆ ಊದಿ.

ತೀರ್ಥಹಳ್ಳಿಯ ಸದಸ್ಯ: ಕಳುಹಿಸಿ, ಊಟವನ್ನೂ ಹಾಕುತ್ತೇನೆ. ನಿಮ್ಮ ದರ ಮಾತ್ರ ಕೇಳುವುದಿಲ್ಲ.

ಸೊರಬದ ಸದಸ್ಯ: ಹಳೆಯ ಡೀಸೆಲ್ ಸೆಟ್ ಕೊಳ್ಳಬಹುದೇ? ಯಾರಾದರೂ ಹೇಳಿ.

ಕೊಪ್ಪದ ಸದಸ್ಯ: ಅಡಿಕೆ ಸುಲಿಯುವ ಯಂತ್ರದ್ದು 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್. ಎಷ್ಟು ಬೇಕು?

ಗುತ್ತಿಗೆದಾರ: ಮೇಲೆ ಬರೆದಿದ್ದೇನೆ. ಓದಿ.

ಸಾಗರದ ಸದಸ್ಯ: ಮಳೆಗೆ ನೆನೆಯದಂತೆ ಜನರೇಟರನ್ನು ಕಟ್ಟಿಗೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿದ್ದೇನೆ. ‘ಕಿಟಕಿ ಸ್ವಲ್ಪ ತೆರೆದರೆ ಸಾಕು’ ಎಂದು ಇನ್ನೊಂದು ಸಂದೇಶ ಬಂದಿದೆ.

ಗುತ್ತಿಗೆದಾರ: ಈಗಲೇ ನಿಲ್ಲಿಸಿ. ಬಾಗಿಲು, ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ. ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಮನೆಯಿಂದ ದೂರ, ಹೊರಗೆ, ಮೇಲೊಂದು ತಗಡು ಹೊದಿಸಿ ಇಡಿ. ಇನ್ನು ಸಂದೇಶ ಹಾಕಿದರೆ ನಾನು ಗುಂಪು ಬಿಡುತ್ತೇನೆ.

ಕೊಪ್ಪದ ಸದಸ್ಯ: ಓದಿದೆ ಸರ್. ಅಲ್ಲಿರುವುದು ಪಂಪ್, ನನ್ನದು ಸುಲಿಯುವ ಯಂತ್ರ.

ಗುತ್ತಿಗೆದಾರ: ಮೋಟಾರ್ ಮೋಟಾರೇ.