ಹೆಂಡತಿಗೆ ಸೋಂಕು ದಾಟಿಸಿಬಿಡುತ್ತೇನೆಂಬ ಭಯ: ಅನುಭವ ಇದ್ದವರು ಬರೆಯಿರಿ

ನಿದ್ದೆಯಿಲ್ಲದವನು:
ಮದುವೆಯಾಗಿ ಮೂರು ವರ್ಷ. ಐದು ತಿಂಗಳ ಹಿಂದೆ ತೊಡೆಸಂದಿಯಲ್ಲಿ ನೀರುಗುಳ್ಳೆಗಳ ಗೊಂಚಲು ಎದ್ದಿತು. ಚರ್ಮರೋಗ ತಜ್ಞರು ಗುಳ್ಳೆಯ ದ್ರವ ಪರೀಕ್ಷೆ ಮಾಡಿಸಿ, ಜನನಾಂಗದ ಹರ್ಪಿಸ್, ಎರಡನೆಯ ಬಗೆಯದು ಎಂದರು. ಮದುವೆಗೆ ಮುಂಚಿನ ಸಂಬಂಧದಿಂದ ಬಂದು ಇಷ್ಟು ವರ್ಷ ಸುಮ್ಮನಿದ್ದಿರಬಹುದಂತೆ. ಹೆಂಡತಿಗೆ ಯಾವ ಲಕ್ಷಣವೂ ಇಲ್ಲ, ವಿಷಯವೂ ಗೊತ್ತಿಲ್ಲ. ಬೆನ್ನುನೋವು, ಕೆಲಸದ ಒತ್ತಡ ಎಂದೆಲ್ಲ ನೆಪ ಹೇಳಿ ದೂರ ಮಲಗುತ್ತಿದ್ದೇನೆ. ಮುಂದಿನ ವರ್ಷ ಮಗು ಬೇಕು ಎನ್ನುತ್ತಿದ್ದಾಳೆ. ದಿನವೂ ಮಾತ್ರೆ ನುಂಗಿ ಕಾಂಡೋಮ್ ಬಳಸಿದರೆ ಸಾಕೇ? ಹೇಳಲೇಬೇಕೇ?

ಹನ್ನೊಂದು ವರ್ಷದ ಜೋಡಿ:
ನನ್ನ ಗಂಡನಿಗೆ ಇರುವುದೂ ಇದೇ. ಮದುವೆಗೆ ಮುಂಚೆಯೇ ಹೇಳಿದರು. ಎರಡು ವಾರ ಮಾತು ಬಿಟ್ಟೆ, ಆಮೇಲೆ ಒಪ್ಪಿದೆ. ಅಂದಿನಿಂದ ಅವರು ಹರ್ಪಿಸ್ ವೈರಾಣುವನ್ನು ಅಡಗಿಸುವ ಮಾತ್ರೆ, ವ್ಯಾಲಸೈಕ್ಲೊವಿರ್ 500 ಮಿಲಿಗ್ರಾಂ, ದಿನಕ್ಕೊಂದು ತಪ್ಪಿಸಿಲ್ಲ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಂಥ 1,484 ಜೋಡಿಗಳನ್ನು ಎಂಟು ತಿಂಗಳು ನೋಡಿದ್ದರು. ಮಾತ್ರೆ ನುಂಗಿದವರ ಸಂಗಾತಿಗಳಲ್ಲಿ 14 ಮಂದಿಗೆ ಸೋಂಕು ತಗುಲಿತು, ಹುಸಿ ಮಾತ್ರೆ ನುಂಗಿದವರ ಸಂಗಾತಿಗಳಲ್ಲಿ 27 ಮಂದಿಗೆ. ಅಪಾಯ ಅರ್ಧದಷ್ಟು ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ. ಗುಳ್ಳೆ ಇಲ್ಲದ ದಿನವೂ ವೈರಾಣು ಚರ್ಮದಿಂದ ಹೊರಬೀಳುತ್ತದೆ.

ನನ್ನನ್ನು ಹಿಂಡಿದ್ದು ಮಾತ್ರ ರೋಗವಲ್ಲ, ಪರೀಕ್ಷೆ. ಐದನೆಯ ವರ್ಷ ರಕ್ತದ ಐಜಿಜಿ, ಅಂದರೆ ಹರ್ಪಿಸ್‌ನ ಪ್ರತಿಕಾಯದ ಪರೀಕ್ಷೆ ಮಾಡಿಸಿದೆ: 1.4. ಅದರ ಕೆಳಗೆ 1.1 ದಾಟಿದರೆ ಸೋಂಕಿದೆ ಎಂದು ಅಚ್ಚಾಗಿತ್ತು. ಎರಡನೆಯ ಪರೀಕ್ಷೆಯ ಫಲಿತಾಂಶ ಬರಲು ಹತ್ತೊಂಬತ್ತು ದಿನ. ಆ ಹತ್ತೊಂಬತ್ತು ದಿನ ಗಂಡ ನನ್ನ ತಟ್ಟೆಯನ್ನೂ ತೊಳೆದಿಡುತ್ತಿದ್ದರು, ಒಂದು ಮಾತೂ ಆಡದೆ. ಖಚಿತಪಡಿಸುವ ಆ ಎರಡನೆಯ ಪರೀಕ್ಷೆ, ವೆಸ್ಟರ್ನ್ ಬ್ಲಾಟ್‌ನಲ್ಲಿ ಸೋಂಕಿಲ್ಲ ಎಂದು ಬಂತು. 1.1ರಿಂದ 3.5ರ ನಡುವಿನ ಅಂಕಿಯನ್ನು ಅದೊಂದರಿಂದಲೇ ನಂಬಬಾರದೆಂದು ಯಾರೂ ಮೊದಲೇ ಹೇಳಿರಲಿಲ್ಲ. ಎರಡೂ ಕಾಗದ ಇಂದಿಗೂ ನನ್ನ ಬೀರುವಿನಲ್ಲಿವೆ.

ಗುಳ್ಳೆ ಏಳುವ ಮುನ್ನಾದಿನ ಅವರ ಎಡತೊಡೆ ಜುಮುಗುಟ್ಟುತ್ತದೆ. ಅಂದು ದಿಂಬು ಎತ್ತಿಕೊಂಡು ಹೊರಕೋಣೆಗೆ ಹೋಗುತ್ತಾರೆ. ನಾನು ಏನೆಂದು ಕೇಳುವುದಿಲ್ಲ. ಗೊತ್ತಿರುವುದರಿಂದಲೇ ಕೇಳಬೇಕಾಗಿಲ್ಲ.

ತಡವಾಗಿ ಕಲಿತವನು:
ನನ್ನದು ಸಿಫಿಲಿಸ್. ಮುಚ್ಚಿಟ್ಟವನು ನಾನು. ನೋವಿಲ್ಲದ ಒಂದೇ ಹುಣ್ಣು, ತಾನಾಗಿಯೇ ಮಾಯಿತು. ಆಮೇಲೆ ಅಂಗೈಯಲ್ಲಿ ಕಂದು ಕಲೆಗಳೆದ್ದಾಗ ರಕ್ತ ಕೊಟ್ಟೆ. ಸಿಫಿಲಿಸ್ ಅಳೆಯುವ ಪರೀಕ್ಷೆಯಲ್ಲಿ (ಕೊನೆಯ ಅಂಕಿ ದೊಡ್ಡದಾದಷ್ಟು ಸೋಂಕು ಜೋರು) ವಿಡಿಆರ್‌ಎಲ್ 1:64. ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಎರಡೂ ಪೃಷ್ಠಕ್ಕೆ ಅರ್ಧರ್ಧ. ಮಂದವಾದ ಬಿಳಿ ಮದ್ದು. ಸೂಜಿ ನಡುವೆಯೇ ಕಟ್ಟಿಕೊಂಡು ಇನ್ನೊಂದು ಕಡೆ ಚುಚ್ಚಿದರು. ಮೂರು ತಿಂಗಳಿಗೆ 1:8ಕ್ಕೆ ಇಳಿಯಿತು. ಗೆದ್ದೆ ಎಂದುಕೊಂಡೆ. ಆರನೆಯ ತಿಂಗಳಿಗೆ ಮತ್ತೆ 1:64. ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಹೆಂಡತಿಗೆ ಚಿಕಿತ್ಸೆ ಆಗಿದೆಯೇ?" ನನ್ನಿಂದ ಅವಳಿಗೆ, ಅವಳಿಂದ ತಿರುಗಿ ನನಗೆ.

ಆಗ ಅವಳು ನಾಲ್ಕು ತಿಂಗಳ ಬಸುರಿ. ನಾನು ಬಾಯಿ ಬಿಡುವ ಮೊದಲೇ ಬಸುರಿನ ರಕ್ತಪರೀಕ್ಷೆಯ ಕಾಗದ ಅವಳಿಗೆ ಎಲ್ಲ ಹೇಳಿತು. ವಾರಕ್ಕೊಂದರಂತೆ ಮೂರು ಚುಚ್ಚುಮದ್ದು ಬರೆದರು. ಮೊದಲನೆಯದಾದ ರಾತ್ರಿ ಚಳಿಜ್ವರ, ಹೊಟ್ಟೆ ಬಿಗಿತ. ಎರಡನೆಯದು ಮದ್ದು ಸಿಗದೆ ಹನ್ನೆರಡನೆಯ ದಿನಕ್ಕೆ ಹೋಯಿತು. ಅಂತರ ಹೆಚ್ಚಾದ್ದರಿಂದ ಲೆಕ್ಕ ಮತ್ತೆ ಒಂದರಿಂದ. ಒಟ್ಟು ನಾಲ್ಕು. ಒಂದಕ್ಕೂ ನನ್ನ ಕೈ ಹಿಡಿಯಲಿಲ್ಲ. "ಬಾಗಿಲ ಹೊರಗೆ ಕುಳಿತಿರು" ಎಂದಳು. ಮಗು ಸೋಂಕಿಲ್ಲದೆ ಹುಟ್ಟಿತು. ತಮ್ಮಾ, ಇಂದೇ ಹೇಳು.

ಹದಿನಾಲ್ಕು ಮಾತ್ರೆ:
ಮಗು ಸೋಂಕಿಲ್ಲದೆ ಹುಟ್ಟಿತು ಎಂದು ಬರೆದು ನೆಮ್ಮದಿಯಾಗಿ ಮುಗಿಸಿದ್ದೀರಿ. ನನಗೆ ಆ ಭಾಗ್ಯವಿಲ್ಲ. ನನ್ನ ಗಂಡನಿಗಿದ್ದದ್ದು ಕ್ಲಮಿಡಿಯಾ, ಸದ್ದಿಲ್ಲದೆ ಹೆಣ್ಣಿನ ಗರ್ಭನಾಳ ಕೆಡಿಸುವ ಸೋಂಕು. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆರಡು, ಏಳು ದಿನ. ಹದಿನಾಲ್ಕು ಮಾತ್ರೆ ನುಂಗಿ ಅವನು ವಾಸಿಯಾದ. ಅಷ್ಟೇ ಮಾತ್ರೆ ನನಗೂ ಸಾಕಾಗುತ್ತಿತ್ತು. ಹೇಳಲಿಲ್ಲ. ನನಗೆ ಉರಿಯಿಲ್ಲ, ನೋವಿಲ್ಲ, ಏನೂ ಇಲ್ಲ. ಎರಡು ವರ್ಷ ಬಸಿರು ನಿಲ್ಲಲಿಲ್ಲ. ಗರ್ಭಕೋಶಕ್ಕೆ ದ್ರವ ಹಾಯಿಸಿ ಎಕ್ಸ್‌ರೇ ತೆಗೆದರು: ಎರಡೂ ನಾಳ ಮುಚ್ಚಿವೆ. ಲ್ಯಾಪರೊಸ್ಕೋಪಿ ಮಾಡಿ ಬಿಡಿಸಿದರು. ಎಂಟು ತಿಂಗಳ ಮೇಲೆ ಬಸಿರು ನಿಂತಿತು, ನಾಳದಲ್ಲೇ. ಬಲನಾಳ ತೆಗೆದರು. ಐವಿಎಫ್ ಎರಡು ಸಲ ಕೈಕೊಟ್ಟಿತು. ಕೊನೆಗೆ ಹಳೆಯ ಕಡತವೊಂದರಲ್ಲಿ ಅವನ ಔಷಧ ಚೀಟಿ ಸಿಕ್ಕಿತು. ದಿನಾಂಕ ನೋಡಿದವಳು ಸಂಜೆಯವರೆಗೆ ಅಲ್ಲಿಂದ ಏಳಲಿಲ್ಲ.

ತಡವಾಗಿ ಕಲಿತವನು:
ನೆಮ್ಮದಿ ಎಂದು ನೀವು ಕರೆದದ್ದು ನನಗಿಲ್ಲ. ಗಂಡನ ಮೇಲಿನ ನಿಮ್ಮ ಸಿಟ್ಟನ್ನು ನನ್ನ ಮೇಲೆ ತೀರಿಸಬೇಡಿ.

ಹದಿನಾಲ್ಕು ಮಾತ್ರೆ:
ಕಾಗದ ಬಂದು ಹೇಳುವವರೆಗೆ ಸುಮ್ಮನಿದ್ದ ಇಬ್ಬರಲ್ಲಿ ನನಗೆ ವ್ಯತ್ಯಾಸ ಕಾಣುತ್ತಿಲ್ಲ.

ಪತ್ತೆಗೆ ಸಿಗದು:
ನನಗೆ ಎಚ್‌ಐವಿ, ಹೆಂಡತಿಗೆ ಇಲ್ಲ. ಒಂಬತ್ತು ವರ್ಷ. ಎಆರ್‌ಟಿ (ಎಚ್‌ಐವಿ ಅಡಗಿಸುವ ಔಷಧ) ಮಾತ್ರೆ ರಾತ್ರಿ ಒಂಬತ್ತಕ್ಕೆ, ಅಲಾರಂ ಅವಳ ಮೊಬೈಲಿನಲ್ಲಿ. ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಾಣುವಿನ ಪ್ರಮಾಣ, ಪತ್ತೆಯಾಗದ ಮಟ್ಟದಲ್ಲಿ ನಿಂತ ಮೇಲೆ ಕಾಂಡೋಮ್ ಬಿಟ್ಟೆವು. ಮಗಳು ಹುಟ್ಟಿದಳು, ಇಬ್ಬರಿಗೂ ಸೋಂಕಿಲ್ಲ. ಒಮ್ಮೆ ಮಾತ್ರ ಊರೂರು ತಿರುಗುವ ಕೆಲಸದ ಗಡಿಬಿಡಿಯಲ್ಲಿ ಆರು ದಿನ ಮಾತ್ರೆ ತಪ್ಪಿತು, ಲೋಡ್ 340ಕ್ಕೆ ಏರಿತು. ಇದಕ್ಕಿಂತ ಕೆಳಗಿದ್ದರೆ ದಾಟದು ಎನ್ನುವ ಮಿತಿ 200. ಅದನ್ನೂ ಅಂದೇ ಹೇಳಿದೆ. ಮತ್ತೆ ಇಳಿಯುವವರೆಗೆ ಮೂರು ತಿಂಗಳು ಕಾಂಡೋಮ್.

ಎಚ್ಚರ ತಪ್ಪದವನು:
ಕೇಳಿದ್ದು ಹರ್ಪಿಸ್, ನೀವು ಎಚ್‌ಐವಿ ತಂದಿರಿ. ಪತ್ತೆಯಾಗದು ಎಂದರೆ ಇಲ್ಲ ಎಂದಲ್ಲ. ಕಾಂಡೋಮ್ ಬಿಟ್ಟೆವೆಂದು ಬರೆಯುವುದು ಬೇಜವಾಬ್ದಾರಿ. ನಾನು ಹೆಪಟೈಟಿಸ್ ಬಿ ಇರುವವನು. ಹೆಂಡತಿಗೆ 0, 1, 6 ತಿಂಗಳಿಗೆ ಮೂರು ಲಸಿಕೆ ಕೊಡಿಸಿದೆ. ಲಸಿಕೆ ಹಿಡಿದಿದೆ ಎನ್ನಲು ರಕ್ತದಲ್ಲಿ ಪ್ರತಿಕಾಯ 10 ದಾಟಬೇಕು, ಅವಳಿಗೆ ಬಂದದ್ದು 4. ಮೂರನ್ನೂ ಮತ್ತೊಮ್ಮೆ ಕೊಡಿಸಿದ ಮೇಲೆ 212. ಅಲ್ಲಿಯವರೆಗೆ ಒಂದು ರಾತ್ರಿಯೂ ಕಾಂಡೋಮ್ ತಪ್ಪಿಸಲಿಲ್ಲ.

ಪತ್ತೆಗೆ ಸಿಗದು:
ನಿಮ್ಮ ವೈರಾಣುವಿನ ಲೆಕ್ಕವನ್ನು ನನ್ನದಕ್ಕೆ ಹಾಕಬೇಡಿ. 2016ರ ಪಾರ್ಟ್‌ನರ್ ಅಧ್ಯಯನದಲ್ಲಿ 888 ಜೋಡಿಗಳು ಕಾಂಡೋಮ್ ಇಲ್ಲದೆ ಸುಮಾರು 58,000 ಸಲ ಕೂಡಿದ್ದರು. ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಒಬ್ಬರಿಗೂ ಎಚ್‌ಐವಿ ದಾಟಲಿಲ್ಲ. ನಿಮ್ಮಂಥವರ ಮಾತು ಕೇಳಿಯೇ ಮೊದಲ ಎರಡು ವರ್ಷ ಹೆಂಡತಿಯ ಲೋಟ ಮುಟ್ಟಲೂ ಹೆದರಿದ್ದೆ.

ಹನ್ನೊಂದು ವರ್ಷದ ಜೋಡಿ:
ಇಬ್ಬರೂ ನಿಲ್ಲಿಸಿ. ಹರ್ಪಿಸ್‌ಗೆ ಕಾಂಡೋಮ್ ಒಂದೇ ಸಾಲದು, ಅದು ಮುಚ್ಚದ ಚರ್ಮದಿಂದಲೂ ದಾಟುತ್ತದೆ. ಅವರು ಮಗು ಬೇಕೆನ್ನುತ್ತಿದ್ದಾರೆ. ಹೆಣ್ಣಿಗೆ ಬಸುರಿನ ಕೊನೆಯ ತಿಂಗಳುಗಳಲ್ಲಿ ಮೊದಲ ಸಲ ತಗುಲಿದರೆ ಹುಟ್ಟುವ ಮಗುವಿನ ಜೀವಕ್ಕೇ ಅಪಾಯ. ಗೊತ್ತಿದ್ದರೆ ಆ ತಿಂಗಳುಗಳಲ್ಲಿ ದೂರವಿರಬಹುದು. ಗೊತ್ತಿಲ್ಲದವಳು ಹೇಗೆ ದೂರವಿರಬೇಕು?

ನಿದ್ದೆಯಿಲ್ಲದವನು:
ಎಲ್ಲವನ್ನೂ ಎರಡು ಸಲ ಓದಿದೆ. ಹೇಳುತ್ತೇನೆ. ಆದರೆ ಮೊದಲ ಮಾತು ಏನಿತ್ತು ಎಂದು ಯಾರೂ ಬರೆದಿಲ್ಲ.

ಹನ್ನೊಂದು ವರ್ಷದ ಜೋಡಿ:
"ನನಗೊಂದು ಸೋಂಕಿದೆ. ನಿನಗೆ ಬರದಂತೆ ನೋಡಿಕೊಳ್ಳಬೇಕು, ಒಬ್ಬನಿಂದ ಆಗುವುದಿಲ್ಲ." ನೆಲ ನೋಡುತ್ತಾ ಇಷ್ಟೇ ಹೇಳಿದರು. ನಾನು ಬಾಯಿಗೆ ಬಂದಂತೆ ಬೈದೆ. ಅವರು ಎದ್ದು ಹೋಗಲಿಲ್ಲ.

ಹದಿನಾಲ್ಕು ಮಾತ್ರೆ:
ಔಷಧ ಚೀಟಿಯನ್ನು ಅವಳ ಕೈಗೇ ಕೊಡಿ. ದಿನಾಂಕ ಕಾಣುವಂತೆ.